ಸಹಾಯ ಬೇಕು: ಎಪಿಐ ಎಲ್ಲಿ ನಿಧಾನ ಆಗ್ತಿದೆ ಅಂತ ಹಿಡಿಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಪೈಥಾನ್ ಫಾಸ್ಟ್‌ಎಪಿಐನಲ್ಲಿ ಬರೆದ ವೆಬ್ ಎಪಿಐ, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ. ಇಷ್ಟು ದಿನ ಲಾಗ್ ಫೈಲ್ ಒಂದನ್ನೇ ನಂಬಿಕೊಂಡಿದ್ವಿ. ಹೋದ ವಾರ ಬಳಕೆದಾರರು "ತಿರುಗ್ತಾನೇ ಇದೆ, ಏನೂ ಬರ್ತಿಲ್ಲ" ಅಂದಾಗ ರಾತ್ರಿಯೆಲ್ಲ ಲಾಗ್ ಜಾಲಾಡಿದೆ. ಸರಾಸರಿ ನೋಡಿದ್ರೆ 80 ಮಿಲಿಸೆಕೆಂಡ್, ಎಲ್ಲಾ ಸರಿ ಇದೆ ಅನ್ಸುತ್ತೆ. ಕಾಯ್ತಾ ಕೂತವರ ಕಷ್ಟ ಆ ಸರಾಸರಿಯಲ್ಲಿ ಕಾಣೋದೇ ಇಲ್ಲ.

ಈಗ ಅಳತೆಗಳನ್ನ ಕೂಡಿಡೋಕೆ ಪ್ರೊಮೀಥಿಯಸ್, ಅವನ್ನ ಗ್ರಾಫ್‌ನಲ್ಲಿ ನೋಡೋಕೆ ಗ್ರಫಾನಾ ಹಾಕಿದ್ದೀನಿ. ಮೊದಲು ಪೂರ್ತಿ ಯುಆರ್‌ಎಲ್ ಅನ್ನೇ ಲೇಬಲ್ ಮಾಡಿ ತಪ್ಪು ಮಾಡಿದೆ: ಒಂದೊಂದು ಆರ್ಡರ್ ಸಂಖ್ಯೆಗೂ ಹೊಸ ಸೀರೀಸ್ (ಅಳತೆಗಳ ಬೇರೆ ಸಾಲು) ಹುಟ್ಟಿ ಮೆಮೊರಿ ಏರ್ತಾ ಹೋಯ್ತು. ಅದರ ಬದಲು ರೂಟ್ ಟೆಂಪ್ಲೇಟ್ (ಸಂಖ್ಯೆಯ ಜಾಗ ಖಾಲಿ ಬಿಟ್ಟ ಯುಆರ್‌ಎಲ್ ಮಾದರಿ) ಹಾಕಿದ ಮೇಲೆ ಅದು ಸರಿಹೋಯ್ತು. ಆದ್ರೆ 99ನೇ ಪರ್ಸೆಂಟೈಲ್ (ನೂರರಲ್ಲಿ 99 ರಿಕ್ವೆಸ್ಟ್ ಇಷ್ಟು ಹೊತ್ತಿನೊಳಗೆ ಮುಗಿಯುತ್ತೆ ಅನ್ನೋ ಅಳತೆ) ಗೆರೆ 10 ಸೆಕೆಂಡಿಗೆ ಹೋಗಿ ಅಲ್ಲೇ ನಿಂತುಬಿಡುತ್ತೆ. ಹಿಸ್ಟೋಗ್ರಾಮ್‌ನ ಬಕೆಟ್‌ಗಳಲ್ಲಿ (ಸಮಯವನ್ನ ಗುಂಪು ಮಾಡೋ ಮಿತಿಗಳು) ಇನ್ಫಿನಿಟಿ ಬಿಟ್ಟರೆ ಕೊನೆಯದು ಡಿಫಾಲ್ಟ್ ಆಗಿ 10 ಸೆಕೆಂಡ್ ಇರೋದೇ ಕಾರಣ ಅಂತ ಗೊತ್ತಾಯ್ತು. ನೀವು ಬಕೆಟ್‌ಗಳನ್ನ ಯಾವ ಲೆಕ್ಕದಲ್ಲಿ ಇಟ್ಕೊಳ್ತೀರಿ?

ನಿಜವಾಗಿ ತಲೆಕೆಟ್ಟಿರೋದು ಟ್ರೇಸಿಂಗ್‌ನಲ್ಲಿ, ಅಂದ್ರೆ ಒಂದು ರಿಕ್ವೆಸ್ಟ್ ಎಲ್ಲೆಲ್ಲಿ ಹೋಯ್ತು ಅಂತ ಹಿಂಬಾಲಿಸೋದ್ರಲ್ಲಿ. ಅದಕ್ಕೆ ಓಪನ್‌ಟೆಲಿಮೆಟ್ರಿ ಲೈಬ್ರರಿ ಸೇರಿಸಿದೆ, ಡೇಟಾಬೇಸ್ ತನಕ ಸ್ಪ್ಯಾನ್ (ಒಂದೊಂದು ಹಂತದ ಸಮಯದ ದಾಖಲೆ) ಚೆನ್ನಾಗಿ ಬರುತ್ತೆ. ನಾವೇ ಬರೆದ ಕ್ಯೂಗೆ ಕೆಲಸ ಹೋದ ತಕ್ಷಣ ಟ್ರೇಸ್ ಕಡಿದುಹೋಗುತ್ತೆ, ಕ್ಯೂನಿಂದ ಕೆಲಸ ಎತ್ಕೊಳ್ಳೋ ವರ್ಕರ್ ಕಡೆ ಹೊಸ ಟ್ರೇಸ್ ಐಡಿ ಶುರು. ಟ್ರೇಸ್ ಐಡಿ ಹೊತ್ತ ಟ್ರೇಸ್‌ಪೇರೆಂಟ್ ಹೆಡರನ್ನ ಮೆಸೇಜ್ ಜೊತೆಗೇ ಕಳಿಸಿ ಆ ಕಡೆ ಓದ್ಕೊಂಡ್ರೆ ಸಾಕಾ? ಕ್ಯೂನಲ್ಲಿ ತುಂಬಾ ಹೊತ್ತು ಕಾದ ಕೆಲಸಕ್ಕೆ ಚೈಲ್ಡ್ ಸ್ಪ್ಯಾನ್ (ಅದೇ ಟ್ರೇಸ್‌ನ ಒಳಗಿನ ಭಾಗ) ಸರಿನಾ, ಲಿಂಕ್ (ಬೇರೆ ಟ್ರೇಸ್, ಹಳೆಯದಕ್ಕೆ ಕೊಂಡಿ ಮಾತ್ರ) ಸರಿನಾ?

ಇನ್ನೊಂದು, ಶುರುವಿನಲ್ಲೇ ನೂರಕ್ಕೆ 5 ಟ್ರೇಸ್ ಮಾತ್ರ ಆರಿಸ್ಕೊಂಡ್ರೆ ನಿಧಾನವಾದವೇ ತಪ್ಪಿಹೋಗ್ತವೆ. ಟ್ರೇಸ್‌ಗಳು ಬಂದು ಸೇರೋ ಕಲೆಕ್ಟರ್‌ನಲ್ಲಿ ಟೇಲ್ ಸ್ಯಾಂಪ್ಲಿಂಗ್ (ಟ್ರೇಸ್ ಮುಗಿದ ಮೇಲೆ ಇಟ್ಕೊಳ್ಳೋದಾ ಬಿಡೋದಾ ಅಂತ ತೀರ್ಮಾನಿಸೋದು) ನಡೆಸ್ತಿರೋರು ಇದ್ರೆ ದಯವಿಟ್ಟು ನಿಮ್ಮ ಅನುಭವ ಹೇಳಿ. ಕಾನ್ಫಿಗ್ ತುಣುಕು ಹಾಕಿದ್ರೆ ಇನ್ನೂ ಉಪಕಾರ ಆಗುತ್ತೆ.