ಅಪ್‌ಡೇಟ್: ಹಂಚಿಕೆಯ ಗಣಕದಲ್ಲಿ ಮುಕ್ತ ತಂತ್ರಾಂಶಗಳಿಗೆ ಜಾಗ

ಹಲವರು ಲಾಗಿನ್ ಆಗಿ ಬಳಸುವ ಒಂದೇ ಲಿನಕ್ಸ್ ಗಣಕದಲ್ಲಿ, ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡಿಕೊಳ್ಳುವ (ಗಣಕ ನಡೆಸಬಲ್ಲ ರೂಪಕ್ಕೆ ತರುವ) ಮುಕ್ತ ತಂತ್ರಾಂಶಗಳನ್ನು ಎಲ್ಲಿ ಇರಿಸಬೇಕೆಂದು ಕೇಳಿದ್ದೆ. /ಆಪ್ಟ್ (/opt) ಮತ್ತು /ಯುಎಸ್‌ಆರ್/ಲೋಕಲ್ (/usr/local) ಎಂಬ ಎರಡು ಡೈರೆಕ್ಟರಿಗಳ ಸಲಹೆಗಳು ಬಂದಿದ್ದವು. ಕೊನೆಗೆ ಎರಡನೆಯದನ್ನೇ ಆರಿಸಿಕೊಂಡೆವು. ಕಡತ ವ್ಯವಸ್ಥೆಯ ರಚನೆಯ ಕುರಿತ ಎಫ್‌ಎಚ್‌ಎಸ್ ಮಾನದಂಡದ 3.0 ಆವೃತ್ತಿಯು (2015) ಈ ಡೈರೆಕ್ಟರಿಯನ್ನು ನಿರ್ವಾಹಕರು ಸ್ಥಳೀಯವಾಗಿ ಸ್ಥಾಪಿಸುವ ತಂತ್ರಾಂಶಗಳಿಗೆಂದೇ ಮೀಸಲಿಟ್ಟಿದ್ದು, ವ್ಯವಸ್ಥೆ ಅಪ್‌ಡೇಟ್ ಆದಾಗ ಇಲ್ಲಿರುವುದು ಅಳಿಸಿಹೋಗಬಾರದೆಂದು ಹೇಳುತ್ತದೆ.

ಆದರೆ ಎಲ್ಲವನ್ನೂ ನೇರವಾಗಿ ಅಲ್ಲಿಗೆ ಸುರಿದರೆ, ಯಾವ ಕಡತ ಯಾವ ತಂತ್ರಾಂಶದ್ದೆಂದು ಕೆಲಕಾಲದ ಬಳಿಕ ಯಾರಿಗೂ ತಿಳಿಯದು. ಆದ್ದರಿಂದ ಪ್ರತಿಯೊಂದನ್ನೂ /ಯುಎಸ್‌ಆರ್/ಲೋಕಲ್/ಸ್ಟೋ ಒಳಗೆ ಹೆಸರು ಮತ್ತು ಆವೃತ್ತಿ ಸಂಖ್ಯೆಯುಳ್ಳ ತನ್ನದೇ ಫೋಲ್ಡರಿನಲ್ಲಿಟ್ಟು, ಬಿನ್, ಲಿಬ್, ಶೇರ್ ಡೈರೆಕ್ಟರಿಗಳಲ್ಲಿ ಗ್ನೂ ಸ್ಟೋ ಎಂಬ ತಂತ್ರಾಂಶದ ಮೂಲಕ ಸಿಮ್‌ಲಿಂಕ್‌ಗಳನ್ನಷ್ಟೇ (ಮೂಲ ಕಡತದತ್ತ ತೋರಿಸುವ ಕೊಂಡಿಗಳನ್ನಷ್ಟೇ) ನಿರ್ಮಿಸುತ್ತಿದ್ದೇವೆ. ಹೊಸ ಆವೃತ್ತಿ ಕೈಕೊಟ್ಟರೆ ಅದರ ಕೊಂಡಿಗಳನ್ನು ಕಳಚಿ ಹಳೆಯದನ್ನು ಜೋಡಿಸಿದರಾಯಿತು. ಬಳಕೆದಾರರು ತಮ್ಮ ಪಾತ್ (ಆಜ್ಞೆಗಳಿಗಾಗಿ ಗಣಕ ಹುಡುಕುವ ಡೈರೆಕ್ಟರಿಗಳ ಪಟ್ಟಿ) ಬದಲಿಸಬೇಕಾಗಿಲ್ಲ. /ಆಪ್ಟ್ ಬೇಡವೆನ್ನಲು ನನಗಿದ್ದ ಮುಖ್ಯ ಕಾರಣವೂ ಇದೇ: ಅಲ್ಲಿ ಒಂದೊಂದಕ್ಕೂ ಪ್ರತ್ಯೇಕ ಬಿನ್ ಇರುವುದರಿಂದ ಪಾತ್ ಉದ್ದವಾಗುತ್ತಲೇ ಹೋಗುತ್ತದೆ. ಸಿದ್ಧ ಬೈನರಿಗಳಾಗಿ (ಮೊದಲೇ ಕಂಪೈಲ್ ಆದ ರೂಪದಲ್ಲಿ) ಒಂದೇ ಗಂಟಿನಲ್ಲಿ ಬರುವಂಥವನ್ನು ಮಾತ್ರ ಅಲ್ಲಿ ಇಟ್ಟಿದ್ದೇವೆ.

ಬರೆಯುವ ಅನುಮತಿಯನ್ನು ಒಂದು ಗ್ರೂಪಿಗೆ ಕೊಟ್ಟಿರುವುದರಿಂದ ಪ್ರತಿ ಬಾರಿಯೂ ರೂಟ್ (ಪೂರ್ಣ ಅಧಿಕಾರವುಳ್ಳ ಬಳಕೆದಾರ) ಆಗಬೇಕಿಲ್ಲ. ಪೈಥಾನ್ ಲೈಬ್ರರಿಗಳನ್ನು ಈ ಏರ್ಪಾಟಿನಿಂದ ಹೊರಗಿಟ್ಟು, ಅವರವರ ಹೋಮ್ ಡೈರೆಕ್ಟರಿಯ ವರ್ಚುವಲ್ ಎನ್ವಿರಾನ್‌ಮೆಂಟ್‌ಗೆ (ಪೈಥಾನ್ ಲೈಬ್ರರಿಗಳನ್ನು ಪ್ರತ್ಯೇಕವಾಗಿಡುವ ಫೋಲ್ಡರಿಗೆ) ಬಿಟ್ಟಿದ್ದೇವೆ. ಸ್ಟೋ ಬಳಸುವವರು ಗಮನಿಸಬೇಕಾದ ಒಂದು ತೊಡಕಿದೆ: ಹಲವು ಗ್ನೂ ತಂತ್ರಾಂಶಗಳು ಶೇರ್/ಇನ್ಫೋ ಒಳಗೆ ‘ಡಿರ್’ ಎಂಬ ಒಂದೇ ಹೆಸರಿನ ಕಡತವನ್ನು ಇಡುವುದರಿಂದ ಸಂಘರ್ಷವೆಂದು ಸ್ಟೋ ನಿಂತುಬಿಡುತ್ತದೆ, ಜೋಡಿಸುವ ಮೊದಲೇ ಆ ಕಡತವನ್ನು ಅಳಿಸಿಬಿಡುವುದು ಸುಲಭದ ಪರಿಹಾರ.