ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಮಲಗಲೇಬೇಕಾ?

ಮಂಜುಳಾ: ರಾತ್ರಿ ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿ ಮುಚ್ಚಳ ಮುಚ್ಚುತ್ತೇನೆ. ಬೆಳಿಗ್ಗೆ ನೋಡಿದರೆ ಅರ್ಧಕ್ಕೇ ನಿಂತಿರುತ್ತದೆ, ಲ್ಯಾಪ್‌ಟಾಪ್ ಸಸ್ಪೆಂಡ್ ಆಗಿರುತ್ತದೆ. ಗ್ನೋಮ್ ಸೆಟ್ಟಿಂಗ್ಸ್‌ನ ಪವರ್ ಪುಟದಲ್ಲಿ ಪವರ್ ಬಟನ್‌ಗೆ ಆಯ್ಕೆ ಇದೆ, ಮುಚ್ಚಳಕ್ಕೆ ಇಲ್ಲ. ಕೆಡಿಇ, ಎಕ್ಸ್‌ಎಫ್‌ಸಿಇ ಅನ್ನೋ ಬೇರೆ ಡೆಸ್ಕ್‌ಟಾಪ್‌ಗಳೆರಡರಲ್ಲೂ ಇದೆ. ಇಲ್ಲಿ ಮಾತ್ರ ಯಾಕಿಲ್ಲ?

ರಾತ್ರಿಪಾಳಿ: ಮೇಡಂ, ಮುಚ್ಚಳ ನೋಡಿಕೊಳ್ಳುವುದು ಸಿಸ್ಟಮ್‌ಡಿಯ (ಲಿನಕ್ಸ್‌ನ ಹಿನ್ನೆಲೆ ಕೆಲಸಗಳನ್ನು ನಡೆಸುವ ತಂತ್ರಾಂಶ) ಲಾಗಿನ್‌ಡಿ ಅನ್ನೋ ಭಾಗ. ಲಾಗಿನ್‌ಡಿ.ಕಾನ್ಫ್ ಫೈಲಿನಲ್ಲಿ ಹ್ಯಾಂಡಲ್‌ಲಿಡ್‌ಸ್ವಿಚ್ ಅನ್ನೋ ಸಾಲಿಗೆ ಇಗ್ನೋರ್ ಅಂತ ಕೊಟ್ಟು ರೀಬೂಟ್ ಮಾಡಿ. ಒಂದು ಸಾಲಿನ ಕೆಲಸ. ಇದಕ್ಕೆ ಬೇರೆ ಬಟನ್ ಯಾಕೆ?

ಮಂಜುಳಾ: ಆ ಫೈಲ್ ಮುಟ್ಟಲು ಸುಡೋ, ಅಂದರೆ ಅಡ್ಮಿನ್ ಅಧಿಕಾರ ಬೇಕು. ಶಾಲೆಯ ಲ್ಯಾಪ್‌ಟಾಪ್, ನನಗೆ ಸುಡೋ ಇಲ್ಲ. ಅಲ್ಲದೆ ನನ್ನ ಜೊತೆ ಅದನ್ನು ಬಳಸುವ ಉಳಿದ ಟೀಚರ್‌ಗಳಿಗೂ ಅದೇ ಜಾರಿಯಾಗುತ್ತದೆ. ಅವರೇನು ಕೇಳಿದ್ದರಾ?

ಶಂಕರ್: ಈಗಿರುವುದೇ ಸರಿ ಅಂತ ನನ್ನ ಮಾತು. ಮುಚ್ಚಿ ಸೀದಾ ಬ್ಯಾಗಿಗೆ ಹಾಕುವವರೇ ಜಾಸ್ತಿ. ಇಗ್ನೋರ್ ಮಾಡಿ ಮರೆತರೆ ಬ್ಯಾಗಿನೊಳಗೆ ಫ್ಯಾನ್‌ಗೆ ಗಾಳಿ ಸಿಗುವುದಿಲ್ಲ, ಮುಟ್ಟಿದರೆ ಕೈ ಸುಡುವಷ್ಟು ಕಾಯುತ್ತದೆ. ಬ್ಯಾಟರಿಯೂ ಖಾಲಿ.

ರಾತ್ರಿಪಾಳಿ: ಅದಕ್ಕೇ ಹ್ಯಾಂಡಲ್‌ಲಿಡ್‌ಸ್ವಿಚ್‌ಎಕ್ಸ್‌ಟರ್ನಲ್‌ಪವರ್ ಅಂತ ಬೇರೆ ಸಾಲಿದೆ ಶಂಕರ್. ಅದಕ್ಕೊಂದಕ್ಕೆ ಇಗ್ನೋರ್ ಕೊಟ್ಟರೆ ಚಾರ್ಜರ್ ಇದ್ದಾಗ ಎಚ್ಚರವಾಗಿರುತ್ತದೆ, ಬ್ಯಾಟರಿಯಲ್ಲಿ ಮಲಗುತ್ತದೆ.

ಫಾತಿಮಾ: ಸುಡೋ ಇಲ್ಲದೆಯೂ ದಾರಿ ಇದೆ. ಸಿಸ್ಟಮ್‌ಡಿ-ಇನ್‌ಹಿಬಿಟ್ ಕಮಾಂಡ್ ನೋಡಿ, ಒಂದು ಕೆಲಸ ಮುಗಿಯುವವರೆಗೆ ಲ್ಯಾಪ್‌ಟಾಪ್ ಮಲಗದಂತೆ ತಡೆ ಹಾಕುತ್ತದೆ. ಅದರ ವಾಟ್ ಆಯ್ಕೆಗೆ ಹ್ಯಾಂಡಲ್-ಲಿಡ್-ಸ್ವಿಚ್ ಅಂತ ಕೊಟ್ಟು, ಮುಂದೆ ನಿಮ್ಮ ಡೌನ್‌ಲೋಡ್ ಕಮಾಂಡ್ ಬರೆಯಿರಿ. ಸುಮ್ನೆ ಸ್ಲೀಪ್ ಅಂತ ಕೊಟ್ಟರೆ ಸಾಲದು. ಲಾಗಿನ್‌ಡಿಯ ಲಿಡ್‌ಸ್ವಿಚ್‌ಇಗ್ನೋರ್‌ಇನ್‌ಹಿಬಿಟೆಡ್ ಅನ್ನೋ ಸೆಟ್ಟಿಂಗ್ ಮೊದಲಿನಿಂದಲೇ ಯೆಸ್ ಇರುತ್ತದೆ, ಹಾಗಾಗಿ ಸ್ಲೀಪ್ ತಡೆಯನ್ನು ಮುಚ್ಚಳ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಎಷ್ಟೋ ಆ್ಯಪ್‌ಗಳು ಹಾಕುವುದು ಆ ತಡೆಯನ್ನೇ.

ಇನ್ನೊಂದು ಮಾತು. ಹೊರಗಿನ ಮಾನಿಟರ್ ಜೋಡಿಸಿದಾಗ ಗ್ನೋಮ್ ತಾನಾಗಿಯೇ ಈ ಮುಚ್ಚಳದ ತಡೆ ಹಾಕುತ್ತದೆ. ಹಿಂದೆ ಟ್ವೀಕ್ಸ್ ಅನ್ನೋ ಗ್ನೋಮ್‌ನ ಹೆಚ್ಚುವರಿ ಸೆಟ್ಟಿಂಗ್ಸ್ ಆ್ಯಪ್‌ನಲ್ಲಿದ್ದ ಸ್ವಿಚ್ ಕೂಡ ಲಾಗಿನ್ ಆದಾಗ ಇದೇ ತಡೆ ಹಾಕುತ್ತಿತ್ತು. ಅಂದರೆ ಒಬ್ಬೊಬ್ಬ ಬಳಕೆದಾರರಿಗೆ ಬೇರೆ ಬೇರೆ ಆಯ್ಕೆ ಕೊಡಲು ಬೇಕಾದ್ದೆಲ್ಲ ಒಳಗೆ ತಯಾರಿದೆ. ಸೆಟ್ಟಿಂಗ್ಸ್‌ನಲ್ಲಿ ಕಾಣಿಸಬೇಕು, ಅಷ್ಟೇ. ಟರ್ಮಿನಲ್ ಗೊತ್ತಿಲ್ಲದವರಿಗೂ ತಮ್ಮ ಲ್ಯಾಪ್‌ಟಾಪ್ ಮೇಲೆ ಹಕ್ಕಿದೆ, ಅಲ್ವಾ?

ಶಂಕರ್: ಕೊಡಲಿ, ಆದರೆ ಎಕ್ಸ್‌ಎಫ್‌ಸಿಇಯಲ್ಲಿರುವ ಹಾಗೆ ಚಾರ್ಜರ್‌ಗೊಂದು, ಬ್ಯಾಟರಿಗೊಂದು ಬೇರೆ ಬೇರೆ ಇರಲಿ. ಬ್ಯಾಟರಿಯದ್ದು ಸಸ್ಪೆಂಡ್ ಆಗಿಯೇ ಬರಲಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಮಂಜುಳಾ: ಫಾತಿಮಾ ಮೇಡಂ, ಮಾಡಿ ನೋಡಿದೆ, ಕೆಲಸ ಮಾಡಿತು! ಆದರೆ ನಮ್ಮೂರಲ್ಲಿ ರಾತ್ರಿ ಕರೆಂಟ್ ಹೋಗುತ್ತಿರುತ್ತದೆ. ಆಗ?

ಫಾತಿಮಾ: ಕರೆಂಟ್ ಹೋದರೂ ತಡೆ ಹಾಗೇ ಇರುತ್ತದೆ, ಡೌನ್‌ಲೋಡ್ ಬ್ಯಾಟರಿ ಮೇಲೆ ಓಡುತ್ತದೆ. ಅದಕ್ಕೇ ತಡೆಯನ್ನು ಆ ಒಂದು ಕಮಾಂಡ್‌ಗೆ ಮಾತ್ರ ಕಟ್ಟಿ ಅಂದಿದ್ದು. ಡೌನ್‌ಲೋಡ್ ಮುಗಿದ ಕೂಡಲೇ ತಡೆ ಹೋಗುತ್ತದೆ. ರೂಟರ್‌ಗೆ ಯುಪಿಎಸ್ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ಎಚ್ಚರವಿದ್ದೂ ಪ್ರಯೋಜನವಿಲ್ಲ.