ಅಪ್ಪನ ಬಿಪಿ ಯಂತ್ರವನ್ನು ಬಚ್ಚಿಡಬೇಕೇ?

ಹಿರಿಮಗಳು:
ಅಪ್ಪನಿಗೆ 72 ವರ್ಷ. ರಕ್ತದೊತ್ತಡದ ಮಾತ್ರೆ ಬಹಳ ಹಿಂದಿನಿಂದಲೂ ಇದೆ, ಬೇರೆ ತೊಂದರೆಯಿಲ್ಲ. ತಮ್ಮ ಯಂತ್ರವೊಂದನ್ನು ತಂದುಕೊಟ್ಟ ಮೇಲೆ ಮನೆಯ ನೆಮ್ಮದಿ ಕೆಟ್ಟಿದೆ. ಎದ್ದ ಕೂಡಲೇ ಒಮ್ಮೆ, ವಾರ್ತೆ ನೋಡುತ್ತಾ ಒಮ್ಮೆ, ತಲೆ ಭಾರವೆನಿಸಿದರೆ ಮತ್ತೊಮ್ಮೆ ಅಳೆಯುತ್ತಾರೆ. ಅಂಕಿ ಏರಿದ್ದರೆ ಅದು ಇಳಿಯುವ ತನಕ ತೋಳಿನ ಪಟ್ಟಿ ಬಿಚ್ಚುವುದಿಲ್ಲ. ಮೊನ್ನೆ ರಾತ್ರಿ 146 ಇದ್ದದ್ದು ಹಟ ಹಿಡಿದು ಅಳೆದಂತೆಲ್ಲ ಏರುತ್ತಾ 168 ತಲುಪಿತು. ಎಲ್ಲವೂ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ತಮ್ಮ ‘ಈಗಲೇ ಆಸ್ಪತ್ರೆಗೆ ಸೇರಿಸು’ ಎನ್ನುತ್ತಾನೆ, ತಂಗಿ ‘ಇನ್ನರ್ಧ ಮಾತ್ರೆ ಕೊಡು’ ಎನ್ನುತ್ತಾಳೆ. ಇಬ್ಬರೂ ದೂರದಲ್ಲಿದ್ದಾರೆ, ಓಡಾಡುವವಳು ನಾನು. ಮೊಬೈಲ್ ಸದ್ದಾದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಯಂತ್ರವನ್ನು ಬಚ್ಚಿಟ್ಟರೆ ತಪ್ಪೇ?

ನಿವೃತ್ತ ನರ್ಸ್:
ಬಚ್ಚಿಡಬೇಡಿ, ಅಳೆಯುವ ಕ್ರಮ ಬದಲಿಸಿ. ವಾರ್ತೆ ನೋಡುತ್ತಾ ಅಳೆದ ಅಂಕಿಗೆ ಬೆಲೆಯಿಲ್ಲ. ಮೂತ್ರಕ್ಕೆ ಹೋಗಿ ಬಂದು 5 ನಿಮಿಷ ಸುಮ್ಮನೆ ಕುಳಿತಿರಲಿ. ಬೆನ್ನಿಗೆ ಆಸರೆ ಬೇಕು, ಪಾದಗಳು ನೆಲ ಮುಟ್ಟಬೇಕು, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಪಟ್ಟಿ ಬರಿ ತೋಳಿಗೇ ಸುತ್ತಿ. ತೋಳಿಗೆ ಚಿಕ್ಕದಾದ ಪಟ್ಟಿ ಅಂಕಿಯನ್ನು ಹೆಚ್ಚಿಸಿ ತೋರಿಸುತ್ತದೆ. ಮಾತು ಬೇಡ. ಬೆಳಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ, ಒಂದು ನಿಮಿಷದ ಅಂತರದಲ್ಲಿ ಎರಡೆರಡು ಬಾರಿ, ಒಂದು ವಾರ. ಮೊದಲ ದಿನದ್ದನ್ನು ಬಿಟ್ಟು ಉಳಿದುದರ ಸರಾಸರಿ ತೆಗೆಯಿರಿ. ಮನೆಯಲ್ಲಿ ಅದು 135/85 ದಾಟಿದರೆ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ. ಆಮೇಲೆ ಅವರು ಹೇಳುವ ತನಕ ಯಂತ್ರ ಕಪಾಟಿನಲ್ಲಿರಲಿ.

ಹೆದರಿಕೆಯೇ ಒತ್ತಡವನ್ನು ಏರಿಸುತ್ತದೆ. ನಿಮ್ಮ 146 ಏರುತ್ತಾ ಹೋದದ್ದಕ್ಕೆ ಬಹುಶಃ ಬೇರೆ ಕಾರಣ ಬೇಕಿಲ್ಲ.

ತಂಗಿಯ ಅರ್ಧ ಮಾತ್ರೆಯನ್ನು ಮಾತ್ರ ಖಂಡಿತ ಕೊಡಬೇಡಿ. ಈ ವಯಸ್ಸಿನಲ್ಲಿ ಒತ್ತಡ ಸರ್ರನೆ ಇಳಿದರೆ, ಎದ್ದು ನಿಲ್ಲುವಾಗ ತಲೆ ಸುತ್ತಿ ಬೀಳುತ್ತಾರೆ. ಹಾಗೆ ಸೊಂಟದ ಮೂಳೆ ಮುರಿದುಕೊಂಡವರ ಹಾಸಿಗೆಯ ಪಕ್ಕದಲ್ಲಿ ಎಷ್ಟೋ ರಾತ್ರಿಪಾಳಿ ಕಳೆದಿದ್ದೇನೆ.

ಎದೆನೋವು, ಉಸಿರುಗಟ್ಟುವಿಕೆ, ತೊದಲುವ ಮಾತು, ಒಂದು ಪಕ್ಕದ ಬಲಹೀನತೆ, ದಿಢೀರನೆ ದೃಷ್ಟಿ ಮಸುಕಾಗುವುದು: ಇವುಗಳಲ್ಲಿ ಯಾವುದು ಕಂಡರೂ ಅಂಕಿ ನೋಡುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ. ಇವೇನೂ ಇಲ್ಲದೆ 180/120 ದಾಟಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆಯಿರಿ. ಇಳಿಯದಿದ್ದರೆ ವೈದ್ಯರಿಗೆ ಆಗಲೇ ಕರೆ ಮಾಡಿ.

ಕಿರಿಯವಳು:
ನಮ್ಮ ಮನೆಯಲ್ಲೂ ಇದೇ ರಾಮಾಯಣವಿತ್ತು. ದೂರವಿರುವವರಿಗೆ ಏನೂ ಮಾಡಲಾಗದ ಸಂಕಟ, ಅದು ಸಲಹೆಯಾಗಿ ನಿಮ್ಮ ಮೇಲೆ ಸುರಿಯುತ್ತದೆ. ಅವರಿಗೂ ಕೆಲಸ ಹಂಚಿ. ಮುಂದಿನ ಭೇಟಿಯಲ್ಲಿ ತಮ್ಮನೇ ಫೋನಿನಲ್ಲಿ ವೈದ್ಯರನ್ನು ಕೇಳಲಿ. ಮಾತ್ರೆಗಳ ಪಟ್ಟಿಯನ್ನು ತಂಗಿ ನೋಡಿಕೊಳ್ಳಲಿ. ಗುಂಪಿಗೆ ವಾರಕ್ಕೊಮ್ಮೆ ಸರಾಸರಿ ಹೋದರೆ ಸಾಕು. ಮತ್ತೆ, ನಿಮ್ಮ ನಿದ್ದೆ ಹೇಗಿದೆ? ಎದೆ ಧಸಕ್ಕೆನ್ನುವುದು ಹೀಗೇ ಮುಂದುವರಿದರೆ ನಿಮ್ಮ ಹೆಸರಿನಲ್ಲೂ ವೈದ್ಯರ ಸಮಯ ಕೇಳಿಟ್ಟುಕೊಳ್ಳಿ. ಅಪ್ಪನ ಜೊತೆಗೆ ಹೋದಾಗ ಬಾಗಿಲ ಬಳಿ ನಿಂತು ಕೇಳುವ ಪ್ರಶ್ನೆಯಲ್ಲ ಅದು.

ಮೌನಿ:
ಎಲ್ಲರೂ ಅಪ್ಪನ ಬಗ್ಗೆ ಮಾತಾಡುತ್ತಿದ್ದೀರಿ. ಅವರಿಗೆ ಯಾವುದರ ಭಯವೆಂದು ಅವರನ್ನೇ ಕೇಳಿದ್ದೀರಾ?

ಹಿರಿಮಗಳು:
ಕೇಳಿದೆ. ಮೊದಲು ರೇಗಿದರು. ಆಮೇಲೆ, ಜೊತೆಯಲ್ಲಿ ಕೆಲಸ ಮಾಡಿದ್ದ ಗೆಳೆಯರೊಬ್ಬರಿಗೆ ಪಾರ್ಶ್ವವಾಯು ಆಗಿ ಮಾತು ನಿಂತಿದೆ ಎಂದರು. ಆ ಸುದ್ದಿ ನಮಗ್ಯಾರಿಗೂ ತಿಳಿದಿರಲಿಲ್ಲ. ಬೆಳಗ್ಗೆ, ಸಂಜೆ ಮಾತ್ರ ಎಂಬುದಕ್ಕೆ ಗೊಣಗುತ್ತಲೇ ಒಪ್ಪಿ, ತಾವೇ ಸ್ಕೇಲು ಹಿಡಿದು ಕೋಷ್ಟಕ ಗೆರೆ ಹಾಕಿದ್ದಾರೆ. ತಮ್ಮನಿಗೆ ಇದು ಇನ್ನೂ ಸಮಾಧಾನ ತಂದಿಲ್ಲ. ನರ್ಸ್ ಮೇಡಂ, ಬಲತೋಳಿನಲ್ಲಿ ಎಡಕ್ಕಿಂತ ತುಸು ಹೆಚ್ಚು ಬರುತ್ತದೆ. ಯಾವುದನ್ನು ಬರೆಯಬೇಕು?

ನಿವೃತ್ತ ನರ್ಸ್:
ತುಸು ವ್ಯತ್ಯಾಸ ಸಹಜ. ಹೆಚ್ಚು ಬರುವ ತೋಳನ್ನೇ ಇನ್ನು ಮುಂದೆ ಬಳಸಿ. ಮತ್ತೆ ಮತ್ತೆ ಅಳೆದಾಗಲೂ ಮೇಲಿನ ಅಂಕಿಯಲ್ಲಿ 15ಕ್ಕಿಂತ ಹೆಚ್ಚು ಅಂತರ ಬಂದರೆ ಕೋಷ್ಟಕದ ಕೆಳಗೆ ಬರೆದು ವೈದ್ಯರಿಗೆ ತೋರಿಸಿ.